ಶಿವಲಿಂಗಪ್ಪ ಕೂಡಿಸದ ಡಿಸ್ಕುಗಳು

ಹಾರ್ಡ್ ಡಿಸ್ಕನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತಿದ್ದ ಶಿವಲಿಂಗಪ್ಪನ ಮುಖ ನನಗೆ ಇನ್ನೂ ಕಾಣುತ್ತದೆ. ಸಿಂದಗಿಯಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. "ಇದು ಬಾಳ ದಿನ ಉಳಿಯೂದಿಲ್ರಿ, ಇವತ್ತ ಎಲ್ಲಾ ತಗದಿಟ್ಕೋರಿ" ಎನ್ನುತ್ತಿದ್ದ. ಗಿರಾಕಿ ವಾದಕ್ಕಿಳಿದರೆ ಡಿಸ್ಕನ್ನು ಅವನ ಕೈಗಿಟ್ಟು, "ಹಂಗಾರ ನೀವ ರಿಪೇರಿ ಮಾಡ್ಕೋರಿ" ಎಂದು ಮುಖ ತಿರುಗಿಸುತ್ತಿದ್ದ.

ನಾವು ಜಾನಪದ ಸಂಘದವರು ಯಂಕಂಚಿ, ಹೊರ್ತಿ, ಹೂವಿನ ಹಿಪ್ಪರಗಿ ಎಂದು ವರ್ಷಗಟ್ಟಲೆ ತಿರುಗಿ ಮುದುಕಿಯರು ಹಾಡಿದ ಬೀಸುವ ಪದಗಳನ್ನು ರೆಕಾರ್ಡ್ ಮಾಡಿದ್ದೆವು. ಶಾಲೆಯ ಮಾಸ್ತರನಾಗಿದ್ದ ನಾನು ಅದರ ಕಾರ್ಯದರ್ಶಿ. ಅವನ್ನೆಲ್ಲ ಇಡಲು ಎರಡು ಡಿಸ್ಕ್ ತಂದೆವು. ಡಿಸ್ಕುಗಳನ್ನು ಒಟ್ಟು ಜೋಡಿಸುವ 'ರೇಡ್' ಎಂಬುದೊಂದಿದೆಯೆಂದು ಅಧ್ಯಕ್ಷರಿಗೆ ಯಾರೋ ಹೇಳಿದ್ದರು. ಶಿವಲಿಂಗಪ್ಪನನ್ನು ಕರೆಸಿ, "ಎರಡೂ ಕೂಡಿಸಿ ಒಂದ ದೊಡ್ಡದು ಮಾಡು. ಜಾಗಾನೂ ಆಗ್ತೈತಿ, ಜಲ್ದಿನೂ ಓಡ್ತೈತಿ" ಎಂದರು.

ಶಿವಲಿಂಗಪ್ಪ ಕೆರಳಿದ. "ಹಂಗ ಕೂಡಿಸಿದ್ರ ಒಂದೊಂದು ಹಾಡೂ ತುಂಡಾಗಿ ಎರಡರಾಗೂ ಹಂಚಿ ಹೋಗ್ತೈತ್ರಿ. ಒಂದು ಕೆಟ್ರ ಎಲ್ಲಾ ಹೋದಂಗ. ಅದರ ಬದಲಿ ಒಂದರಾಗಿದ್ದದ್ದು ಇನ್ನೊಂದರಾಗೂ ಇರ್ಲಿ. ಮ್ಯಾಲ ಒಂದು ನಕಲು ಈ ಮಾಸ್ತರ ಮನ್ಯಾಗ ಇಡ್ರಿ."

"ಅರ್ಧಾ ಜಾಗಕ್ಕ ಎರಡು ಯಾಕ ತರಬೇಕಿತ್ತಪಾ?" ಅಧ್ಯಕ್ಷರು ನಕ್ಕರು.

"ಆ ಮುದುಕ್ಯಾರು ಮತ್ತ ಹಾಡಾಕ ಬರ್ತಾರೇನ್ರಿ? ನಾ ಕೂಡಸೂದಿಲ್ಲ." ಎದ್ದೇ ಹೋದ.

ಅಧ್ಯಕ್ಷರು ತಮ್ಮ ಅಳಿಯನಿಂದ ಕೂಡಿಸಿದರು. ನಾನಾದರೂ ಒಂದು ನಕಲು ಇಟ್ಟುಕೊಳ್ಳಬೇಕಿತ್ತು, ಇಟ್ಟುಕೊಳ್ಳಲಿಲ್ಲ. ವರ್ಷ ತುಂಬುವುದರೊಳಗೆ ಒಂದು ಡಿಸ್ಕ್ ಕೆಟ್ಟು ಎಲ್ಲ ಹಾಡೂ ಹೋದವು.

ಸಭೆಯಲ್ಲಿ ಸದಸ್ಯರು ಕೇಳಿದಾಗ, "ಆ ಶಿವಲಿಂಗಪ್ಪ ಜೋಡಿಸಿದ್ದ ನೋಡ್ರಿ" ಎಂದುಬಿಟ್ಟರು ಅಧ್ಯಕ್ಷರು. ಬೇಡ ಬೇಡವೆಂದು ಬಡಿದುಕೊಂಡವನ ತಲೆಗೇ ಕಟ್ಟಿದರು! ಪಕ್ಕದಲ್ಲಿ ಕುಳಿತು ನಡಾವಳಿ ಬರೆಯುತ್ತಿದ್ದವನು ನಾನು. ಅವರು ಹೇಳಿದ್ದನ್ನೇ ಬರೆದೆ.

ಸುದ್ದಿ ಹಬ್ಬಿ ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಶಿವಲಿಂಗಪ್ಪ ಜಗಳಕ್ಕೆ ಬರುತ್ತಾನೆಂದುಕೊಂಡಿದ್ದೆ. ಬಂದವನು, "ಮಾಸ್ತರ, ಹಾಡಿದವರ ಹೆಸರು ನಿಮ್ಮ ಕಡೆ ಅದಾವೇನ್ರಿ?" ಎಂದು ಕೇಳಿದ. ಪಟ್ಟಿ ಹಿಡಿದು ಬೈಕಿನ ಮೇಲೆ ಊರೂರಿಗೆ ಹೋದ. ಬಹಳ ಮಂದಿ ತೀರಿಕೊಂಡಿದ್ದರು, ಕೆಲವರಿಗೆ ದನಿಯೇ ಉಳಿದಿರಲಿಲ್ಲ. ಯಂಕಂಚಿಯ ಅಜ್ಜಿಯೊಬ್ಬಳು ಮಾತ್ರ ಹಾಡಿದಳಂತೆ. ಅವಳ ಹಾಡುಗಳನ್ನು ರೆಕಾರ್ಡ್ ಮಾಡಿ ತಂದುಕೊಟ್ಟು ಹೊರಟವನು ಬಾಗಿಲಲ್ಲಿ ನಿಂತ.

"ಸಭಾದಾಗ ಖರೇ ಹೇಳ್ತೀರೇನ್ರಿ?"

"ಮುಂದಿನ ಸಭಾಕ್ಕ ಹೇಳ್ತೇನಿ" ಎಂದೆ.

ಅದೇ ಕೊನೆಯ ಭೇಟಿ. ತಿಂಗಳೊಳಗೆ, ಅಂಗಡಿಯಲ್ಲಿ ಕುಳಿತಲ್ಲೇ ಅವನ ಎದೆಬಡಿತ ನಿಂತಿತು.

ಶ್ರದ್ಧಾಂಜಲಿ ಸಭೆಯಲ್ಲಿ ಅಧ್ಯಕ್ಷರು ಅವನ ಫೋಟೋಕ್ಕೆ ಹಾರ ಹಾಕಿ, "ಒಂದು ತಪ್ಪು ಮಾಡಿದ, ಖರೆ. ಆದ್ರ ಮನಷ್ಯಾ ಛಲೋ ಇದ್ದ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ.

"ತಪ್ಪು ಅವಂದಲ್ರಿ! ಅವ ಬ್ಯಾಡ ಅಂದಿದ್ದ. ಕೂಡಿಸಿದಾಂವ ನಿಮ್ಮ ಅಳಿಯಾ, ಕೂಡಸಂದವರು ನೀವು. ಗೊತ್ತಿದ್ದೂ ಸುಳ್ಳು ಬರದಾಂವ ನಾನು!"

ಅಧ್ಯಕ್ಷರು ಶಾಲು ಕೊಡವಿ ಹೊರನಡೆದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಶಿವಲಿಂಗಪ್ಪನ ಹೆಂಡತಿ ಗಂಗವ್ವ ತಲೆಯೆತ್ತಿ ನನ್ನನ್ನೇ ನೋಡಿದಳು.

"ಇಷ್ಟ ಮಾತು, ಮಾಸ್ತರ," ಎಂದಳು. "ಅವರು ಇದ್ದಾಗ ಹೇಳಾಕ ಏನಾಗಿತ್ರಿ?"