ತಪ್ಪಿನ ಕಾಲಮ್ಮು

ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೂ ಒಂದಿತ್ತು. ಆದರೆ ಸಂಬಳದ ದಿನ ಬಿಟ್ಟರೆ ಅಚ್ಚುಮನೆಯಲ್ಲಿ ಅದು ಯಾರಿಗೂ ಬೇಕಾಗುತ್ತಿರಲಿಲ್ಲ. ಉಳಿದ ದಿನ ಅವರು ತಿದ್ದಪ್ಪ. ಪ್ರೂಫ್ ತಿದ್ದುವುದು ಅವರ ಕೆಲಸ. ಕಂಡದ್ದನ್ನೆಲ್ಲ ತಿದ್ದುವುದು ಅವರ ಚಟ. ಔಷಧಿ ಅಂಗಡಿಯ ಬೋರ್ಡು, ಬಸ್ಸಿನ ಬೆನ್ನ ಮೇಲಿನ ಬರಹ, ನೆಂಟರ ಮದುವೆಯ ಆಮಂತ್ರಣ, ಯಾವುದೂ ಅವರ ಕಣ್ಣಿಂದ ಪಾರಾಗುತ್ತಿರಲಿಲ್ಲ. ಇಷ್ಟು ಗಟ್ಟಿಗರಿಗೆ ಒಂದಿಷ್ಟು ಧೈರ್ಯವಾದರೂ ಇರಬೇಕಿತ್ತಲ್ಲ? ಅದೊಂದು ಇರಲಿಲ್ಲ. ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನಿಂದ ವಾಪಸ್ ಬಂದು ಮತ್ತೆ ಜಗ್ಗುವ ಜಾತಿ.

"ನಮ್ಮನೆ ಬೀಗ ಮುರಿಯೋಕೆ ಕಳ್ಳ ಬೇಡ ಕಣ್ರೀ, ನೀವೇ ಸಾಕು" ಎಂದು ಹೆಂಡತಿ ನಗುತ್ತಿದ್ದರು.

ಈಚೆಗೆ ಆಕೆಯೂ ನಗುವುದನ್ನು ಕಡಿಮೆ ಮಾಡಿದ್ದರು. ದೊಡ್ಡ ಯಜಮಾನರು ತೀರಿಕೊಂಡು ಅಚ್ಚುಮನೆ ಮಗನ ಕೈಗೆ ಬಂದಿತ್ತು. ಈ ಚಿಕ್ಕ ಯಜಮಾನರು ಹೊಸ ಕಂಪ್ಯೂಟರ್ ತಂದಿದ್ದರು. ತಪ್ಪು ಕಂಡರೆ ಅದು ತಾನೇ ಕೆಂಪು ಗೆರೆ ಎಳೆಯುತ್ತದೆ, ಹೇಳಿದರೆ ತಾನೇ ತಿದ್ದುತ್ತದೆ. ಅದನ್ನು ನೋಡಿದ್ದೇ ತಡ, ಮೊದಲು ಓದಕ್ಕನನ್ನು ಮನೆಗೆ ಕಳಿಸಿದರು.

ಪ್ರೂಫ್ ನೋಡುವುದೆಂದರೆ ಅಲ್ಲಿ ಮೊದಲಿನಿಂದಲೂ ಇಬ್ಬರ ಕೆಲಸ. ಮೇಜಿನ ಆ ಕಡೆ ಓದಕ್ಕ ಲೇಖಕರ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು. ಈ ಕಡೆ ತಿದ್ದಪ್ಪ ಪ್ರೂಫಿನ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಆಕೆ ಕಾಮಾ ಬಂದರೆ ಕಾಮಾ ಎನ್ನುವರು, ಪೂರ್ಣವಿರಾಮ ಬಂದರೆ ಪೂರ್ಣವಿರಾಮ ಎನ್ನುವರು. ಅರ್ಥದ ಗೊಡವೆಗೆ ಹೋಗುವವರಲ್ಲ. ಕಾದಂಬರಿಯ ನಾಯಕಿ ಸತ್ತರೂ ಆಕೆಯ ದನಿಯಲ್ಲಿ ಒಂದು ಕಾಮಾ ಆಚೀಚೆ ಆಗುತ್ತಿರಲಿಲ್ಲ. ಅಂಥವರನ್ನು ಒಂದೇ ಮಾತಿನಲ್ಲಿ ಕಳಿಸಿದ ಮೇಲೆ ಚಿಕ್ಕ ಯಜಮಾನರು ತಿದ್ದಪ್ಪನವರ ಕಡೆ ತಿರುಗಿದ್ದರು.

"ಈ ಇಂಗ್ಲಿಷ್ ಪುಸ್ತಕ ಮುಗೀಲಿ. ಒಂದೂ ತಪ್ಪಿಲ್ದೆ ಬಂತು ಅಂದ್ರೆ ನೀವು ಇರಿ. ಇಲ್ಲಾಂದ್ರೆ ಕಂಪ್ಯೂಟರೇ ಸಾಕು. ಆಮೇಲೆ ಬೇಜಾರು ಮಾಡ್ಕೋಬೇಡಿ."

ತಿದ್ದಪ್ಪನವರಿಗೆ ಬೇಜಾರಲ್ಲ, ಭಯವಾಯಿತು. ಅಕ್ಷರ ತಿದ್ದುವುದು ಬಿಟ್ಟು ಬೇರೇನೂ ಬಾರದ ನರೆತ ತಲೆಯವರನ್ನು ಇನ್ಯಾರು ಕರೆದು ಕೂರಿಸುತ್ತಾರೆ?

ಆ ಪುಸ್ತಕ ಶಾಲೆಯ ಮಕ್ಕಳದ್ದು. ಒಂದರಂತೆ ಇನ್ನೊಂದು ಕಂಡು ಕಾಡುವ ಇಂಗ್ಲಿಷ್ ಪದಗಳನ್ನೆಲ್ಲ ಅದರಲ್ಲಿ ಜೋಡಿ ಜೋಡಿಯಾಗಿ ಕೊಟ್ಟಿದ್ದರು. ಕಳೆದುಕೊಳ್ಳುವ 'ಲೂಸ್'ಗೆ ಒಂದೇ 'ಓ'. ಸಡಿಲವಾದ 'ಲೂಸ್'ಗೆ ಎರಡು 'ಓ', ದೊಗಳೆ ಚಡ್ಡಿಯಲ್ಲಿ ಇಬ್ಬರು ತೂರುವಂತೆ. ಕಾಗದ ಪೆನ್ಸಿಲ್ ಮಾರುವ 'ಸ್ಟೇಷನರಿ'ಯ ಬಾಲದಲ್ಲಿ 'ಇ' ಬರಬೇಕು, ಕದಲದೆ ನಿಂತದ್ದಕ್ಕೆ 'ಎ'. ಬುದ್ಧಿಮಾತು ಎಂಬ 'ಅಡ್ವೈಸ್'ಗೆ 'ಸಿ', ಬುದ್ಧಿ ಹೇಳುವ ಕೆಲಸಕ್ಕೆ 'ಎಸ್'. 'ಅಕ್ಸೆಪ್ಟ್' ಅಂದರೆ ಒಪ್ಪಿಕೊಳ್ಳುವುದು, 'ಎಕ್ಸೆಪ್ಟ್' ಅಂದರೆ ಅದೊಂದನ್ನು ಬಿಟ್ಟು. ಪ್ರತಿ ಪುಟದಲ್ಲೂ ಎರಡು ಕಾಲಮ್ಮು. ಎಡಗಡೆ 'ತಪ್ಪು' ಎಂಬ ತಲೆಬರಹದ ಕೆಳಗೆ ಮಕ್ಕಳು ಸಾಮಾನ್ಯವಾಗಿ ತಪ್ಪಾಗಿ ಬರೆಯುವ ವಾಕ್ಯ. ಬಲಗಡೆ 'ಸರಿ'ಯ ಕೆಳಗೆ ಅದೇ ವಾಕ್ಯದ ಸರಿಯಾದ ರೂಪ.

ಬಹುಪಾಲು ಪುಟಗಳನ್ನು ಓದಕ್ಕ ಇದ್ದಾಗಲೇ ನೋಡಿ ಮುಗಿಸಿದ್ದರು. ಕೊನೆಯ ಹದಿನಾರು ಪುಟ ಮಾತ್ರ ಉಳಿದಿತ್ತು. ಅದನ್ನು ತಿದ್ದಪ್ಪ ಒಬ್ಬರೇ ಕೂತು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸಂಜೆ ಸಹಿ ಹಾಕಿ ಮನೆಗೆ ಬಂದರು. ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ನಿಂತಾಗ ಆ ಪುಟಗಳು ಕಣ್ಣ ಮುಂದೆ ಬಂದವು. ಎಷ್ಟು ಚೊಕ್ಕವಾಗಿದ್ದವು! ಎಡಗಡೆಯ ವಾಕ್ಯ, ಬಲಗಡೆಯ ವಾಕ್ಯ, ಎರಡೂ ಅವಳಿಜವಳಿ ಮಕ್ಕಳಂತೆ.

ತಂಬಿಗೆ ಕೈಯಿಂದ ಜಾರಿತು.

ಅವಳಿಜವಳಿ ಯಾಕಾದವು? ತಪ್ಪಿನ ಕಾಲಮ್ಮನ್ನೂ ತಾನು ತಿದ್ದಿಬಿಟ್ಟೆನೇ? ಹೌದು. ತಪ್ಪು ಕಂಡಲ್ಲೆಲ್ಲ ಕೈ ತನ್ನಷ್ಟಕ್ಕೆ ತಾನೇ ಓಡಿತ್ತು, ತಲೆಬರಹವನ್ನು ನೋಡಿಯೂ ಇರಲಿಲ್ಲ. ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಗುರುತು ಹಾಕಿದ್ದನ್ನೆಲ್ಲ ಹಾಗೆಯೇ ಬದಲಿಸಿ ಅಚ್ಚಿನ ಪ್ಲೇಟಿಗೆ ಕಳಿಸಿರುತ್ತಾಳೆ. ಬೆಳಗಿನ ಪಾಳಿಯಲ್ಲಿ ಮೆಷಿನ್ ಶುರುವಾಗಿಯೇ ಇರುತ್ತದೆ.

"ತಿಂಡಿ ತಿನ್ನಲ್ವಾ? ಏನಾಯ್ತ್ರೀ?" ಎಂದು ಅಂಗಿ ಸಿಕ್ಕಿಸಿಕೊಂಡು ಹೊರಟವರ ಹಿಂದೆ ಹೆಂಡತಿ ಬಾಗಿಲಿಗೆ ಬಂದರು.

"ಮುಳುಗ್ತು ಕಣೇ. ನನ್ನ ಕೆಲಸ ಹೋಯ್ತು."

ಆಕೆ ಚಪ್ಪಲಿಯನ್ನು ಅವರ ಕಾಲ ಬಳಿಗೆ ಸರಿಸಿದರು. ತಿದ್ದಪ್ಪ ಬಸ್ಸಿನಲ್ಲಿ ನಿಂತು ಅಚ್ಚುಮನೆಗೆ ಫೋನ್ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮೆಷಿನ್ ಓಡುವಾಗ ಅಲ್ಲಿ ಸಿಡಿಲು ಬಡಿದರೂ ಕೇಳುವುದಿಲ್ಲ. ಹಾಗಾದರೆ ಓಡುತ್ತಿದೆ ಎಂದೇ ಲೆಕ್ಕ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಅವರ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ತಡೆಯಲಾರದೆ ಒಂದು ಸ್ಟಾಪ್ ಮೊದಲೇ ಇಳಿದು ಓಡಿದರು. ಆ ವಯಸ್ಸಿನಲ್ಲಿ ಓಡಿದ್ದು ನಡೆದದ್ದಕ್ಕಿಂತ ಬೇಗವೇನೂ ಆಗಲಿಲ್ಲ.

ಒಳಗೆ ಹಾಳೆಗಳು ಧಡಧಡನೆ ಬೀಳುತ್ತಿದ್ದವು. ತಿದ್ದಪ್ಪ ಒಂದು ಹಾಳೆ ಎಳೆದು ನೋಡಿದರು. ಎಡಗಡೆ ಸರಿ, ಬಲಗಡೆಯೂ ಸರಿ.

"ನಿಲ್ಸಪ್ಪಾ! ಮೆಷಿನ್ ನಿಲ್ಸು!"

"ಯಜಮಾನ್ರು ಹೇಳ್ದೆ ನಿಲ್ಸಿದ್ರೆ ನನ್ನ ಚರ್ಮ ಸುಲೀತಾರೆ, ತಿದ್ದಪ್ಪನೋರೆ" ಎಂದ ಮೆಷಿನ್ನಿನವನು. ಅಷ್ಟೆಂದವನು ಅವರ ಮುಖ ನೋಡಿ ಸ್ವಿಚ್ ಆರಿಸಿದ.

ಆ ನಿಶ್ಶಬ್ದಕ್ಕೆ ಮಹಡಿಯಿಂದ ಚಿಕ್ಕ ಯಜಮಾನರೇ ಇಳಿದು ಬಂದರು. ತಿದ್ದಪ್ಪ ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದರು. ಯಜಮಾನರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ತಪ್ಪು ಕಂಡ ತಕ್ಷಣ ತಿದ್ದೋದು ಕಂಪ್ಯೂಟರ್ ಕೆಲಸ. ನೀವೂ ಅದನ್ನೇ ಮಾಡಿದ್ದೀರಿ" ಎಂದರು ಮೆಲ್ಲಗೆ. "ಮತ್ತೆ ನೀವ್ಯಾಕೆ ಬೇಕು, ಹೇಳಿ?"

ದಾರಿಯುದ್ದಕ್ಕೂ ಇದೇ ಪ್ರಶ್ನೆಯನ್ನು ತಿದ್ದಪ್ಪನವರೂ ಕೇಳಿಕೊಂಡು ಬಂದಿದ್ದರು.

"ಈ ಹದಿನಾರು ಪುಟದಲ್ಲಿ ಇದೊಂದೇನಾ? ಇನ್ನೂ ಇದೆಯಾ?"

'ಎಲ್ಲ ಸರಿಯಿದೆ' ಎಂದು ಹೇಳಿಯೇ ಇಷ್ಟು ಕಾಲ ಅನ್ನ ತಿಂದ ಮನುಷ್ಯ. ಈಗ ತಲೆ ತಗ್ಗಿಸಿ, "ಗೊತ್ತಿಲ್ಲ ಸರ್" ಎಂದರು. "ಓದೋರು ಎದುರಿಗಿರ್ಲಿಲ್ಲ. ನಾನು ಮೂಲ ನೋಡ್ಲಿಲ್ಲ, ನನ್ನ ತಲೇಲಿದ್ದಿದ್ದನ್ನೇ ನೋಡ್ದೆ."

"ಓದೋದು ಏನು ಮಹಾ ವಿದ್ಯೆನಾ? ಕೊಡಿ ಇಲ್ಲಿ, ನಾನೇ ಓದ್ತೀನಿ" ಎಂದು ಯಜಮಾನರು ಮೂಲಪ್ರತಿ ಕಿತ್ತುಕೊಂಡು ಓದಕ್ಕನ ಕುರ್ಚಿಯಲ್ಲಿ ಕೂತರು. ತಿದ್ದಪ್ಪ ಎದುರು ಕೂತು ಪ್ರೂಫಿನ ಮೇಲೆ ಬೆರಳಿಟ್ಟರು.

ಯಜಮಾನರಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು, ಸರಾಗವಾಗಿ ಓದಿದರು. "ತಪ್ಪು. ಐ ಅಕ್ಸೆಪ್ಟ್ ಯುವರ್ ಇನ್ವಿಟೇಷನ್. ಸರಿ. ಐ ಅಕ್ಸೆಪ್ಟ್..."

ತಿದ್ದಪ್ಪ ಬೆರಳು ನಿಲ್ಲಿಸಿದರು. "ಸರ್... ತಪ್ಪಿನ ಕಡೆ ಅಕ್ಸೆಪ್ಟ್ ಅಂತಾನೇ ಇದೆಯಾ?"

ಯಜಮಾನರು ಹಾಳೆಯನ್ನು ಹತ್ತಿರ ಹಿಡಿದರು. ಅಲ್ಲಿ 'ಎಕ್ಸೆಪ್ಟ್' ಎಂದಿತ್ತು. ಅದನ್ನು ಹಾಗೆಯೇ ಓದಿ ಮುಂದುವರಿದರು. ನಾಲ್ಕು ಸಾಲು ದಾಟಿರಲಿಲ್ಲ, ಇನ್ನೊಂದು ತಪ್ಪನ್ನು ತಮಗೇ ಗೊತ್ತಾಗದೆ ಸರಿ ಮಾಡಿ ಓದಿದರು. ತಿದ್ದಪ್ಪ ಮತ್ತೆ ಕೇಳಿದರು. ಮತ್ತೂ ಒಂದು ಸಲ ಹಾಗೆಯೇ ಆಯಿತು. ಮೆಷಿನ್ನಿನವನು ಕೈ ಒರೆಸುವ ನೆಪ ಮಾಡಿ ಆಚೆ ಹೋದ.

ಚಿಕ್ಕ ಯಜಮಾನರು ಹಾಳೆಗಳನ್ನು ಮೇಜಿನ ಮೇಲಿಟ್ಟು ಎದ್ದು ನಿಂತರು. ಮುಗಿಯಿತು, ಈಗ ಹೇಳುತ್ತಾರೆ, ಎಂದುಕೊಂಡು ತಿದ್ದಪ್ಪನವರೂ ಎದ್ದರು.

"ಓದಕ್ಕನ ಮನೆ ಎಲ್ಲಿ? ನಾನೇ ಹೋಗಿ ಕರ್ಕೊಂಡು ಬರ್ತೀನಿ. ಅವರು ಬರೋವರೆಗೂ ನೀವು ಒಂದಕ್ಷರಾನೂ ಮುಟ್ಬೇಡಿ. ಇಲ್ಲೇ ಇರಿ."

ತಿದ್ದಪ್ಪ ವಿಳಾಸ ಹೇಳಿದರು. ಯಜಮಾನರು ಬಾಗಿಲು ದಾಟುವಷ್ಟರಲ್ಲಿ ತಿದ್ದಪ್ಪನವರಿಗೆ ತಡೆಯಲಾಗಲಿಲ್ಲ.

"ಇರೀ ಅಂದ್ರಲ್ಲ ಸರ್, ಇವತ್ತೊಂದಿನಕ್ಕಾ?"

ಯಜಮಾನರು ತಿರುಗಿ ನೋಡಿದರು. ಅವರ ಕಣ್ಣಿಗೆ ಕಂಡದ್ದು ಒದ್ದೆ ತಲೆಯನ್ನೂ ಒರೆಸಿಕೊಳ್ಳದೆ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಓಡಿಬಂದ ಒಬ್ಬ ಮುದುಕ.

"ನಾಳೆಗೂ ಇರಿ" ಎಂದರು.

ತಿದ್ದಪ್ಪ ಪ್ರೂಫಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತುಬಿಟ್ಟರು.