ಬೇಡ ಎನ್ನುವ ಅಂಗಡಿಯವರು

ಬ್ರಹ್ಮಾವರದಲ್ಲಿ ಲ್ಯಾಪ್‌ಟಾಪ್ ಮಾರುವ ಸುಧಾಕರಣ್ಣನಿಗೆ ‘ತಕಣಿ’ ಎನ್ನುವುದಕ್ಕಿಂತ ‘ನಿಮ್ಗ್ ಅದ್ ಬೇಡ’ ಎನ್ನುವುದೇ ರೂಢಿ. ಕನ್ನಡಕವನ್ನು ಹಣೆಗೇರಿಸಿ, ಯಾರಿಗೆ, ಯಾವ ಕೆಲಸಕ್ಕೆ ಎಂದು ಸಂಬಂಧ ಕುದುರಿಸಲು ಬಂದವರಂತೆ ವಿಚಾರಿಸಿ, ಅರ್ಧ ಗಿರಾಕಿಗಳನ್ನು ಬರಿಗೈಯಲ್ಲೇ ಕಳಿಸುತ್ತಾರೆ. ಮೀನು ಮಾರುವ ಸರೋಜ, ಮಗಳು ಪೂಜಿತಾಳ ಡಿಪ್ಲೊಮಾಕ್ಕೆ ಲ್ಯಾಪ್‌ಟಾಪ್ ಬೇಕೆಂದು ಬಂದಾಗಲೂ ಹಾಗೇ ಆಯಿತು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಲು ಹೆಚ್ಚು ಮೆಮೊರಿ ಬೇಕು. ಸರೋಜಳ ಕೈಗೆಟುಕುವ ಬೆಲೆಯದರಲ್ಲಿ ಅದು ಸಾಲದು. “ಮೆಮೊರಿ ಒಂದನ್ನೇ ಹೆಚ್ ಮಾಡುಕೆ ಆತಿಲ್ಲ ಸರೋಜಕ್ಕ. ಚಿಪ್ ಮಾಡುವರ್ ಚಿಪ್ಪನ್ನೂ ಮೆಮೊರಿಯನ್ನೂ ಒಟ್ಟಿಗೇ ಕಟ್ಟಿ ಕಳ್ಸ್ತ್ರ್. ಮೆಮೊರಿ ಬೇಕಾರೆ ದುಬಾರಿ ಚಿಪ್ಪೂ ತಕಣ್ಕ್” ಎಂದರು. “ಬಂಗ್ಡಿ ಕೇಂಡರಿಗೆ ದುಬಾರಿ ಅಂಜಲೂ ತಕಣ್ಕ್ ಅಂದಾಂಗಾಯ್ತ್. ನಾನ್ ಹಾಂಗ್ ಮಾರ್ರೆ ಬುಟ್ಟಿ ಹತ್ರ ಯಾರ್ ಬತ್ರ್?” ಎಂದಳು ಸರೋಜ. ಸುಧಾಕರಣ್ಣ ನಕ್ಕು, ಬಿಚ್ಚಿ ಮೆಮೊರಿ ಸೇರಿಸಬಹುದಾದ ಹಳೆಯದೊಂದನ್ನು ಮರುದಿನವೇ ಕಡಿಮೆ ಬೆಲೆಗೆ ಕೊಟ್ಟರು. ವಾರ ಕಳೆದು ಸರೋಜ ಅಂಗಡಿಗೆ ಹೋದಾಗ, ರಿಪೇರಿಗೆ ಕೊಟ್ಟವರ ಹೆಸರನ್ನು ಅವರು ಎಂದಿನಂತೆ ತಮ್ಮ ಲ್ಯಾಪ್‌ಟಾಪಿನಲ್ಲಲ್ಲ, ಪುಸ್ತಕದಲ್ಲಿ ಪೆನ್ನು ಹಿಡಿದು ಬರೆಯುತ್ತಿದ್ದರು. “ನಿಮ್ ಲ್ಯಾಪ್‌ಟಾಪ್ ಎಲ್ ಹೋಯ್ತ್ ಅಣ್ಣ?” ಎಂದು ಕೇಳಿದಳು. “ಅದಾ? ಡಿಪ್ಲೊಮಾ ಓದುಕ್ ಹೋಯ್ತ್” ಎಂದರು, ತಲೆ ಎತ್ತದೆ. ಅಂದಿನಿಂದ ಸಂಜೆ ದೀಪಕ್ಕೆ ಕೈಮುಗಿಯುವಾಗ ಸರೋಜ ಮಗಳ ಹೆಸರಿನೊಡನೆ ಅವರ ಹೆಸರನ್ನೂ ಹೇಳುತ್ತಾಳೆ.