ದೇವಾಜಮ್ಮ ಕಲಿತ ಭಾಗಾಕಾರ

ಮಾಂಬಳ್ಳಿಯ ದೇವಾಜಮ್ಮನಿಗೆ ಮಗ್ಗಿಯೆಲ್ಲ ಬಾಯಿಪಾಠ. ಭಾಗಾಕಾರ ಕಲಿಯುವ ಮುಂಚೆಯೇ ಮದುವೆಯಾಗಿ ಶಾಲೆ ಬಿಟ್ಟಿದ್ದಳು. ಮೂವತ್ತು ವರ್ಷಗಳ ಮೇಲೆ, ಐವತ್ತೆರಡನೇ ಇಸವಿಯಲ್ಲಿ, ಊರಿನ ವಯಸ್ಕರ ಶಾಲೆಗೆ ಬಂದು ಕೂತಳು.

ಐವತ್ತಾರನ್ನು ಏಳರಿಂದ ಭಾಗಿಸಲು ಮೇಷ್ಟ್ರು ರುದ್ರಸ್ವಾಮಿ ಹೇಳಿದರು. ಹುಣಸೆ ಬಿಡಿಸಿ ಬಂದಿದ್ದ ಅವಳ ಮಡಿಲಲ್ಲಿ ಬೀಜಗಳಿದ್ದವು. ಐವತ್ತಾರು ಎಣಿಸಿಕೊಂಡು, ಸಾಲಿಗೆ ಏಳರಂತೆ ಜೋಡಿಸುತ್ತಾ ಹೋದಳು. ಎಂಟನೇ ಸಾಲಿಗೆ ಸರಿಯಾಗಿ ಮುಗಿದವು. ಇಳಿಬಿಸಿಲಲ್ಲಿ ಬೀಜಗಳು ಹೊಳೆಯ ನೀರಿನಂತೆ ಮಿನುಗಿದವು. ಹುಡುಗಿಯಾಗಿದ್ದಾಗಿನ ರಾಗದಲ್ಲೇ ತುಟಿ ಅಲುಗಿತು: “ಏಳೆಂಟ್ಲ ಐವತ್ತಾರು.”

ತಲೆಯೆತ್ತಿ, “ಓದ ದಾರೀಲೇ ತಿರ್ಗಿ ಬರದಾ ಸಾ ಭಾಗಾಕಾರ?” ಎಂದಳು.

“ಊಂ ಕಣವ್ವ, ಅಷ್ಟೇಯ,” ಎಂದರು ಮೇಷ್ಟ್ರು.

ಸಂಜೆ ಗದ್ದೆಯ ಬದುವಿನ ಮೇಲೆ ಅವಳು ಮಗ್ಗಿಯನ್ನು ಹಿಂದುಮುಂದಾಗಿ ಗುನುಗುತ್ತಾ ನಡೆದಳು. ಪಕ್ಕದಲ್ಲೇ ಕೊಕ್ಕರೆಗಳು ಎದ್ದು ಹಾರಿದ್ದೂ ಅವಳಿಗೆ ತಿಳಿಯಲಿಲ್ಲ.